ಬೇಜಾರಾದಾಗ ಬಾಯಾಡಿಸುವ ಅಭ್ಯಾಸ: ದಿನಾ ಓಡಿದರೂ ತೂಕ ಇಳಿಯದಿರಲು ಇದೇ ಕಾರಣವೇ?

ಬೆಳಿಗ್ಗೆ ಆರಕ್ಕೆ ಜ್ಞಾನಭಾರತಿ ಆವರಣದಲ್ಲಿ 5 ಕಿಲೋಮೀಟರ್ ಓಟ. ಒಂಬತ್ತಕ್ಕೆ ಎರಡೇ ಇಡ್ಲಿ. ಮಧ್ಯಾಹ್ನ ಅನ್ನ ಬಿಟ್ಟು ಒಂದೇ ಚಪಾತಿ. ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿರುವಾಗ ಕೈ ತಾನಾಗಿಯೇ ಖಾರಾ ಮಿಕ್ಸ್ಚರ್ ಡಬ್ಬಿಯ ಕಡೆ ಹೋಗುತ್ತದೆ. ಡಬ್ಬಿ ಅರ್ಧ ಖಾಲಿಯಾದ ಮೇಲೆ ಪಶ್ಚಾತ್ತಾಪ, ರಾತ್ರಿ ಊಟ ಬಿಡುವ ನಿರ್ಧಾರ, ಹನ್ನೊಂದಕ್ಕೆ ಮತ್ತೆ ಅಡುಗೆಮನೆ. ತಿಂಗಳು ಕಳೆದರೂ ತೂಕದ ಮುಳ್ಳು ಕದಲಿಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಟೆನ್ ಕೆ ಓಟಕ್ಕೋ, ಬ್ಯಾಡ್ಮಿಂಟನ್ ಟೂರ್ನಿಗೋ, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೋ ತಯಾರಿ ನಡೆಸುತ್ತಿರುವ ಅನೇಕರಿಗೆ ಈ ದಿನಚರಿ ಹೊಸದಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಇದಕ್ಕೆ ಪರಿಹಾರಗಳೂ ಬರುತ್ತಲೇ ಇರುತ್ತವೆ. ಹಸಿವಾದರೆ ನೀರು ಕುಡಿಯಿರಿ, ರಾಗಿ ಎಷ್ಟು ಬೇಕಾದರೂ ತಿನ್ನಿ, ಸಣ್ಣ ತಟ್ಟೆ ಬಳಸಿ, ಬಾಯಿ ಕಟ್ಟಿ. ಇವುಗಳಲ್ಲಿ ಯಾವುದು ಸರಿ, ಯಾವುದು ಅರ್ಧ ಸರಿ? ವ್ಯಾಯಾಮ ಮಾಡುತ್ತಾ ತೂಕ ಇಳಿಸುವವರು ಈ ಸಲಹೆಗಳನ್ನು ಹಾಗೇ ಪಾಲಿಸಿದರೆ ಏನಾಗುತ್ತದೆ? ನೋಡೋಣ.

ಸಂಕ್ಷಿಪ್ತ ಉತ್ತರ

ಬೇಜಾರಿಗೆ ತಿನ್ನುವುದು ತೂಕ ಇಳಿಕೆಯನ್ನು ತಡೆಯಬಲ್ಲದು, ಇದು ನಿಜ. ಆದರೆ ತರಬೇತಿಯಲ್ಲಿರುವವರ ಸಂಜೆಯ ತಿನ್ನುವಿಕೆಯೆಲ್ಲವೂ ಬೇಜಾರಿನದಲ್ಲ. ಎಷ್ಟೋ ಸಲ ಅದು ಹಗಲಿನಲ್ಲಿ ಸಾಕಷ್ಟು ತಿನ್ನದ ದೇಹ ಕೇಳುತ್ತಿರುವ ನಿಜವಾದ ಊಟ. ಹಾಗಾಗಿ ಮೊದಲು ಊಟ ಸರಿಪಡಿಸಿಕೊಳ್ಳಬೇಕು, ಆಮೇಲೆ ಬೇಜಾರಿಗೆ ದಾರಿ ಹುಡುಕಬೇಕು. ಈ ಕ್ರಮ ಅದಲುಬದಲಾದರೆ ತೂಕವೂ ಇಳಿಯುವುದಿಲ್ಲ, ಆಟವೂ ಕೆಡುತ್ತದೆ.

ಬೇಜಾರಾದಾಗ ಯಾಕೆ ತಿನ್ನುತ್ತೇವೆ?

ಮನುಷ್ಯನಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ತೋರಿಸುವ ಒಂದು ಪ್ರಯೋಗ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಒಬ್ಬೊಬ್ಬರಾಗಿ ಕೂರಿಸಿದರು. ಫೋನ್ ಇಲ್ಲ, ಪುಸ್ತಕ ಇಲ್ಲ. ಒಂದು ಗುಂಡಿ ಮಾತ್ರ ಇತ್ತು, ಒತ್ತಿದರೆ ಸಣ್ಣ ಕರೆಂಟ್ ಶಾಕ್. ಈ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರು ಇವರು. ಆದರೂ 18 ಪುರುಷರಲ್ಲಿ 12 ಮಂದಿ, 24 ಮಹಿಳೆಯರಲ್ಲಿ 6 ಮಂದಿ ಒಮ್ಮೆಯಾದರೂ ಗುಂಡಿ ಒತ್ತಿದರು.

ಮರುವರ್ಷ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ತಿಂಡಿಯನ್ನೂ ಸೇರಿಸಿದರು. ಒಂದೂವರೆ ನಿಮಿಷವೂ ಇಲ್ಲದ ಒಂದೇ ತುಣುಕನ್ನು ಒಂದು ಗಂಟೆ ಕಾಲ ಮತ್ತೆ ಮತ್ತೆ ತೋರಿಸಿದಾಗ, ಬೇರೆ ಸಿನಿಮಾ ನೋಡಿದ್ದಕ್ಕಿಂತ ಹೆಚ್ಚು ಚಾಕೊಲೇಟ್ ಖಾಲಿಯಾಯಿತು. ಚಾಕೊಲೇಟ್ ಬದಲು ಶಾಕ್ ಗುಂಡಿ ಇಟ್ಟಾಗಲೂ ಬೇಜಾರಾದವರೇ ಹೆಚ್ಚು ಸಲ ಒತ್ತಿದರು.

ಅಂದರೆ ಬೇಜಾರಾದ ಮೆದುಳಿಗೆ ಬೇಕಿರುವುದು ಏನಾದರೊಂದು ಬದಲಾವಣೆ. ತಿಂಡಿ ಎಲ್ಲಕ್ಕಿಂತ ಹತ್ತಿರದಲ್ಲಿ, ಸುಲಭವಾಗಿ ಸಿಗುತ್ತದೆ. ಕುರುಕಲು ತಿಂಡಿಯಾದರೆ ಶಬ್ದ, ಖಾರ, ಉಪ್ಪು ಎಲ್ಲವೂ ಒಟ್ಟಿಗೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ: ಬಾಯಾಡಿಸುವುದು. ಊಟಕ್ಕೆ ಯಾರೂ ಹಾಗೆ ಹೇಳುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಕನ್ನಡದಲ್ಲಿ ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಮನಸ್ಸು ನೋಯಿಸಿದರೂ ಬೇಜಾರು. ಎರಡಕ್ಕೂ ಒಂದೇ ಪದ ಇರುವುದರಿಂದ ನಮಗೇ ಗೊಂದಲವಾಗುತ್ತದೆ. ಮೊದಲನೆಯದಕ್ಕೆ ಏನಾದರೂ ಕೆಲಸ ಬೇಕು, ಎರಡನೆಯದಕ್ಕೆ ಮಾತಾಡಲು ಜನ ಬೇಕು. ಡಬ್ಬಿ ತೆರೆಯುವ ಮುನ್ನ ಇದು ಯಾವ ಬೇಜಾರು ಎಂದು ಕೇಳಿಕೊಂಡರೆ ಮುಂದಿನ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ವ್ಯಾಯಾಮ ಮಾಡುವವರ ವಿಷಯ ಯಾಕೆ ಬೇರೆ?

ಜೋರಾಗಿ ಓಡಿದ ಅಥವಾ ಭಾರ ಎತ್ತಿದ ತಕ್ಷಣ ಹಸಿವು ಕೆಲಕಾಲ ತಗ್ಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಆ ಹೊತ್ತಿನಲ್ಲಿ ಕಡಿಮೆಯಾಗುವುದು ಇದಕ್ಕೆ ಒಂದು ಕಾರಣ. ಬೆಳಿಗ್ಗೆ ಓಡಿ ಬಂದವರಿಗೆ ಎರಡು ಇಡ್ಲಿ ಸಾಕೆನಿಸುವುದು ಹೀಗೆ. ಆದರೆ ಖರ್ಚಾದ ಶಕ್ತಿಯ ಲೆಕ್ಕ ದೇಹದಲ್ಲಿ ಉಳಿದಿರುತ್ತದೆ. ಸಂಜೆಯೋ ಮಾರನೆಯ ದಿನವೋ ಅದು ವಾಪಸ್ ಕೇಳುತ್ತದೆ. ಅಷ್ಟರಲ್ಲಿ ನಾವು ಕೆಲಸ ಮುಗಿಸಿ ಸುಮ್ಮನೆ ಕೂತಿರುತ್ತೇವೆ. ನಿಜವಾದ ಹಸಿವು ಮತ್ತು ಬೇಜಾರು ಒಂದೇ ಗಂಟೆಗೆ ಬಂದು ನಿಲ್ಲುವುದರಿಂದ ಎರಡನ್ನೂ ಬಾಯಿ ಚಪಲ ಎಂದು ಬೈದುಕೊಳ್ಳುತ್ತೇವೆ.

ಇದನ್ನು ಬರೀ ಚಪಲ ಎಂದು ತಿಳಿದು ಊಟವನ್ನು ಇನ್ನಷ್ಟು ಕಡಿತಗೊಳಿಸುವುದರಲ್ಲಿ ಅಪಾಯವಿದೆ. ಕ್ರೀಡಾಪಟುಗಳು ತಮ್ಮ ಅಭ್ಯಾಸಕ್ಕೆ ತಕ್ಕಷ್ಟು ತಿನ್ನದಿದ್ದಾಗ ಆಗುವ ತೊಂದರೆಗಳ ಗುಂಪಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಎಂಬ ಹೆಸರು ಕೊಟ್ಟು, 2018 ಮತ್ತು 2023ರಲ್ಲಿ ಅದರ ವಿವರಣೆಯನ್ನು ಪರಿಷ್ಕರಿಸಿತು. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಅಥವಾ ಏರುಪೇರಾಗುವುದು, ಮೂಳೆಯಲ್ಲಿ ಪದೇ ಪದೇ ಸಣ್ಣ ಬಿರುಕು, ಆಗಾಗ ಕಾಯಿಲೆ, ನಿದ್ದೆಗೇಡು, ಸಿಡುಕು, ಎಷ್ಟು ಅಭ್ಯಾಸ ಮಾಡಿದರೂ ವೇಗ ಕುಸಿಯುವುದು ಇದರ ಲಕ್ಷಣಗಳು. ಗಂಡಸರಿಗೂ ಆಗುತ್ತದೆ. ದೊಡ್ಡ ಆಟಗಾರರಿಗಷ್ಟೇ ಅಲ್ಲ, ವಾರಕ್ಕೆ ಐದು ದಿನ ಓಡುತ್ತಾ ಡಯೆಟ್ ಮಾಡುವ ಯಾರಿಗೂ ಬರಬಹುದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕೆಜಿ ತೂಕ ಇಳಿಸುವುದು ಸುರಕ್ಷಿತ. ಅದಕ್ಕೆ ದಿನಕ್ಕೆ ಸುಮಾರು 500 ಕ್ಯಾಲೊರಿ ಕೊರತೆ ಬೇಕು. ತೂಕ ಇಳಿಸುವ ಆಹಾರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಇದು ಸಾಮಾನ್ಯ ಜನರಿಗೆ ಹೇಳಿದ ಕೊನೆಯ ಮಿತಿ. ದಿನಾ ತರಬೇತಿ ಮಾಡುವವರಿಗೆ ಇದಕ್ಕಿಂತ ಸಾಕಷ್ಟು ಹೆಚ್ಚು ಬೇಕು.

ಈಗ ಖರ್ಚು ನೋಡಿ. ಓಟದಲ್ಲಿ ಒಂದು ಕೆಜಿ ದೇಹತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 70 ಕೆಜಿ ತೂಕದವರು 5 ಕಿಲೋಮೀಟರ್ ಓಡಿದರೆ ಹೆಚ್ಚುಕಡಿಮೆ 350 ಕ್ಯಾಲೊರಿ. ಜಮಾ ಕಡೆ, 30 ಗ್ರಾಂ ಖಾರಾ ಕಡಲೆಕಾಯಿ ಬೀಜದಲ್ಲಿ ಸುಮಾರು 170, ಅಷ್ಟೇ ತೂಕದ ಚಿಪ್ಸ್ ಅಥವಾ ಮಿಕ್ಸ್ಚರ್‌ನಲ್ಲಿ ಸುಮಾರು 160 ಕ್ಯಾಲೊರಿ. 30 ಗ್ರಾಂ ಅಂದರೆ ಒಂದು ಹಿಡಿ. ಮೀಟಿಂಗ್ ಮುಗಿಯುವುದರೊಳಗೆ ಮೂರು ಹಿಡಿ ಹೋದರೆ ಬೆಳಗಿನ ಓಟ ಪೂರ್ತಿ ವಾಪಸ್ ಬಂತು, ಮೇಲೆ ನೂರಕ್ಕೂ ಹೆಚ್ಚು. ಹಾಗೆಂದು ಹೊಟ್ಟೆಯೂ ತುಂಬಿರುವುದಿಲ್ಲ.

ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನು ನಂಬಿ ತಿನ್ನುವುದೂ ಸರಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಫಿಟ್‌ನೆಸ್ ಬ್ಯಾಂಡ್‌ಗಳನ್ನು ಪರೀಕ್ಷಿಸಿದಾಗ ಎದೆಬಡಿತದ ಲೆಕ್ಕ ಬಹುಪಾಲು ಸರಿಯಿತ್ತು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶೇ. 93ರಷ್ಟು.

ಹರಿದಾಡುವ ಮಾತುಗಳು: ಯಾವುದು ನಿಜ?

"ಹಸಿವು ಅನ್ನಿಸಿದರೆ ಅದು ಬಾಯಾರಿಕೆ, ನೀರು ಕುಡಿದರೆ ಸಾಕು"
ಅರ್ಧ ಸತ್ಯ. ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿದ ಮಧ್ಯವಯಸ್ಕರು ಮತ್ತು ಹಿರಿಯರು 12 ವಾರಗಳಲ್ಲಿ, ಅದೇ ಡಯೆಟ್ ಮಾಡಿದ ಇತರರಿಗಿಂತ ಸುಮಾರು 2 ಕೆಜಿ ಹೆಚ್ಚು ಇಳಿಸಿದರು ಎಂದು 2010ರ ಒಂದು ಸಣ್ಣ ಅಧ್ಯಯನ ತೋರಿಸಿದೆ. ಅವರು ನೀರಿನ ಜೊತೆಗೆ ಊಟವನ್ನೂ ಮಾಡಿದ್ದರು. ದೇಹ ಬಾಯಾರಿಕೆಯನ್ನೇ ಹಸಿವೆಂದು ತಪ್ಪು ತಿಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೆವರು ಹರಿಸಿದವರು ನೀರು ಕುಡಿಯಲೇಬೇಕು. ಆದರೆ ಊಟದ ಜಾಗಕ್ಕೆ ನೀರು ತುಂಬಿಸಿದರೆ ಒಂದು ಗಂಟೆಯಲ್ಲಿ ಹಸಿವು ಮರಳುತ್ತದೆ.

"ರಾಗಿ, ಮಖಾನ, ಡ್ರೈ ಫ್ರೂಟ್ಸ್ ಎಷ್ಟು ತಿಂದರೂ ದಪ್ಪ ಆಗಲ್ಲ"
ತಪ್ಪು. ರಾಗಿ ಒಳ್ಳೆಯ ಧಾನ್ಯ, ನಾರು ಮತ್ತು ಕ್ಯಾಲ್ಸಿಯಂ ಹೆಚ್ಚು. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಗೋಧಿ ಹಿಟ್ಟಿನಲ್ಲೂ ಸುಮಾರು ಅಷ್ಟೇ, ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ದೊಡ್ಡದಲ್ಲ. ಎಣ್ಣೆಯಲ್ಲಿ ಕರಿದ ರಾಗಿ ಚಕ್ಕುಲಿಯೂ ಚಕ್ಕುಲಿಯೇ. ಒಂದು ಹಿಡಿ ಗೋಡಂಬಿಯಲ್ಲಿ ಒಂದು ಹಿಡಿ ಚಿಪ್ಸ್‌ನಷ್ಟೇ ಕ್ಯಾಲೊರಿ ಇರುತ್ತದೆ. ಪೋಷಕಾಂಶ ಹೆಚ್ಚು, ನಿಜ. ಆದರೂ ಲೆಕ್ಕ ಇರಬೇಕು.

"ಸಣ್ಣ ತಟ್ಟೆಯಲ್ಲಿ ತಿಂದರೆ ಮೆದುಳು ಮೋಸ ಹೋಗುತ್ತದೆ"
ಪುರಾವೆ ದುರ್ಬಲ. ಈ ಮಾತನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವ್ಯಾನ್ಸಿಂಕ್. ಅವರು ಸಂಶೋಧನೆಯಲ್ಲಿ ಅಕ್ರಮ ಎಸಗಿದ್ದಾರೆ ಎಂದು ಅದೇ ವಿಶ್ವವಿದ್ಯಾಲಯ 2018ರಲ್ಲಿ ತೀರ್ಮಾನಿಸಿತು. ಅವರ ಹತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂಪಡೆದಿವೆ. ಸಣ್ಣ ತಟ್ಟೆ ಬಳಸಿದರೆ ನಷ್ಟವೇನಿಲ್ಲ, ಅದರಿಂದ ತೂಕ ಇಳಿಯುತ್ತದೆಂದು ಕಾಯಬೇಡಿ.

"ಬಾಯಿ ಕಟ್ಟಲು ಮನಸ್ಸು ಗಟ್ಟಿ ಇರಬೇಕು, ಅಷ್ಟೇ"
ದಾರಿ ತಪ್ಪಿಸುವ ಮಾತು. ಕಡಿಮೆ ನಿದ್ದೆ, ಕಡಿಮೆ ಊಟ, ಕೈಗೆಟಕುವ ಡಬ್ಬಿ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಡೆಲಿವರಿ, ಇವೆಲ್ಲ ಇರುವಾಗ ಮನಸ್ಸೊಂದನ್ನೇ ದೂರುವುದು ಸರಿಯಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2019ರಲ್ಲಿ 20 ಜನರನ್ನು ಒಂದು ತಿಂಗಳು ಕೇಂದ್ರದಲ್ಲೇ ಇರಿಸಿ ನೋಡಿತು. ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ ಕೊಟ್ಟ ಎರಡು ವಾರ, ಅದೇ ಜನ ತಮಗೆ ತಿಳಿಯದಂತೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆ ಎರಡು ವಾರ ಅವರ ಮನಸ್ಸು ದುರ್ಬಲವಾಗಿತ್ತು ಎನ್ನಲಾಗದು, ಬದಲಾಗಿದ್ದು ಆಹಾರ.

ಮೈಸೂರು ರಸ್ತೆಯಲ್ಲಿ ಕಳೆದ ಆ ತಿಂಗಳುಗಳು

ಅಭ್ಯಾಸ ಕಡಿಮೆ, ಬಿಡುವು ಜಾಸ್ತಿ. ಬಾಯಾಡಿಸುವುದಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಸಮಯ ಇಲ್ಲ. ನಮ್ಮಲ್ಲಿ ಇದು ಕಾಲು ಉಳುಕಿದಾಗ, ಮಳೆಯ ವಾರದಲ್ಲಿ, ರೇಸ್‌ಗೆ ಮುಂಚಿನ ವಿಶ್ರಾಂತಿ ದಿನಗಳಲ್ಲಿ ಬರುತ್ತದೆ. ದೇಶದ ಹಾಕಿ ತಂಡಗಳಿಗೆ ಇದು 2020ರಲ್ಲಿ ಬಂತು, ಅದೂ ಪಶ್ಚಿಮ ಬೆಂಗಳೂರಿನಲ್ಲೇ.

ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ಭಾರತದ ಪುರುಷರ ಮತ್ತು ಮಹಿಳೆಯರ ಹಾಕಿ ತಂಡಗಳೆರಡೂ ಜ್ಞಾನಭಾರತಿ ಬಳಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿದ್ದವು. ಎಲ್ಲರೂ ಸಾಯ್ ಎಂದು ಕರೆಯುವ ಜಾಗ. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಮೈದಾನದ ಅಭ್ಯಾಸ ನಿಂತಿತು. ಆಟಗಾರರು ಜೂನ್‌ವರೆಗೆ ಆವರಣದಲ್ಲೇ ಉಳಿದು, ತಮಗೆ ಕೊಟ್ಟ ವೈಯಕ್ತಿಕ ವ್ಯಾಯಾಮ ಪಟ್ಟಿಯನ್ನು ಪಾಲಿಸಿದರು.

ಮಹಿಳಾ ತಂಡ ಆ ಖಾಲಿ ಹೊತ್ತಿಗೆ ಒಂದು ಕೆಲಸ ಹುಡುಕಿಕೊಂಡಿತು. 18 ದಿನಗಳ ಫಿಟ್‌ನೆಸ್ ಚಾಲೆಂಜ್. ದಿನಕ್ಕೊಂದು ಹೊಸ ವ್ಯಾಯಾಮ ಮಾಡಿ ತೋರಿಸಿ, ಹತ್ತು ಜನರಿಗೆ ಸವಾಲು ಹಾಕಿ, ಲಾಕ್‌ಡೌನ್‌ನಲ್ಲಿ ಊಟಕ್ಕೆ ಕಷ್ಟಪಡುತ್ತಿದ್ದವರಿಗಾಗಿ ದೇಣಿಗೆ ಕೇಳುವುದು. 20 ಲಕ್ಷ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಮರುವರ್ಷ ಟೋಕಿಯೊದಲ್ಲಿ ಮಹಿಳಾ ತಂಡ ನಾಲ್ಕನೇ ಸ್ಥಾನ ಪಡೆಯಿತು, ಪುರುಷರ ತಂಡ 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದಿತು.

ಚಾಲೆಂಜ್‌ನಿಂದ ಪದಕ ಬಂತು ಎಂದು ಯಾರೂ ಹೇಳುವುದಿಲ್ಲ. ನಮಗೆ ಬೇಕಾದ ಪಾಠ ಚಿಕ್ಕದು. ಅವರು ಆ ಹೊತ್ತನ್ನು ಖಾಲಿ ಬಿಡಲಿಲ್ಲ. ಆ ಕೆಲಸದಲ್ಲಿ ಪ್ರತಿದಿನ ಹೊಸತೇನೋ ಇತ್ತು, ಜೊತೆಗೆ ಜನ ಇದ್ದರು, ಒಂದು ಉದ್ದೇಶವಿತ್ತು.

ಹಾಗಾದರೆ ಏನು ಮಾಡಬೇಕು?

1. ಮೊದಲ ಎರಡು ವಾರ ಊಟ ಸರಿಪಡಿಸಿ. ಕುರುಕಲು ಬಿಡುವ ಶಪಥ ಈಗಲೇ ಬೇಡ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಮೂರರಲ್ಲೂ ಬೇಳೆಕಾಳು, ಮೊಸರು, ಮೊಟ್ಟೆ, ಮೀನು, ಕೋಳಿ, ಪನೀರ್ ಇವುಗಳಲ್ಲಿ ಒಂದಾದರೂ ಕಣ್ಣಿಗೆ ಕಾಣುವಷ್ಟಿರಲಿ. ತಿಳಿಸಾರಿನಲ್ಲಿ ಬೇಳೆ ಹೆಚ್ಚಿರುವುದಿಲ್ಲ. ಗಟ್ಟಿ ಹುಳಿ, ಉಸಲಿ, ಕೋಸಂಬರಿ ಆದರೆ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯರಿಗೆ ದಿನಕ್ಕೆ ಒಂದು ಕೆಜಿ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ನಿಯಮಿತವಾಗಿ ತರಬೇತಿ ಮಾಡುವವರಿಗೆ 1.4ರಿಂದ 2 ಗ್ರಾಂ ಎಂದು ಕ್ರೀಡಾ ಪೋಷಣಾ ತಜ್ಞರ ಅಂತರರಾಷ್ಟ್ರೀಯ ಸಂಘ ಸೂಚಿಸುತ್ತದೆ. ಪ್ರೋಟೀನ್ ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗದಂತೆ ನೋಡಿಕೊಳ್ಳುತ್ತದೆ. ಅನ್ನ, ಮುದ್ದೆ, ಚಪಾತಿ ಪೂರ್ತಿ ಬಿಡಬೇಡಿ. ಓಡುವ ಕಾಲಿಗೆ ಶಕ್ತಿ ಬರುವುದು ಅಲ್ಲಿಂದಲೇ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ.

2. ಸಂಜೆ ತಿಂಡಿಗೆ ಹೊತ್ತು ಗೊತ್ತುಮಾಡಿ. ಒಂದು ಗಂಟೆಗೆ ಊಟ, ರಾತ್ರಿ ಒಂಬತ್ತೂವರೆಗೆ ಊಟ, ನಡುವೆ ಆರೂವರೆಗೆ ಜಿಮ್ ಎಂದರೆ ಎಂಟೂವರೆ ಗಂಟೆ ಅಂತರ. ಇಷ್ಟು ಹೊತ್ತಾದ ಮೇಲೆ ಆಗುವುದು ಹಸಿವೇ. ಐದು ಗಂಟೆಗೆ ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ. ಎರಡು ಏಲಕ್ಕಿ ಬಾಳೆಹಣ್ಣು ಮತ್ತು ಒಂದು ಹಿಡಿ ಹುರಿಗಡಲೆ, ಹೆಸರುಕಾಳು ಉಸಲಿ, ಬೇಯಿಸಿದ ಮೊಟ್ಟೆ ಮತ್ತು ಸೀಬೆಹಣ್ಣು, ಎಣ್ಣೆ ಕಡಿಮೆ ಹಾಕಿದ ಚುರುಮುರಿ ಮತ್ತು ಮಜ್ಜಿಗೆ, ಯಾವುದಾದರೂ ಸರಿ. 30 ಗ್ರಾಂ ಹುರಿಗಡಲೆಯಲ್ಲಿ ಸುಮಾರು 110 ಕ್ಯಾಲೊರಿ, 6 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ.

3. ಅನ್ನ-ಸಾರಿನ ಪರೀಕ್ಷೆ ಮಾಡಿ. ಡಬ್ಬಿಗೆ ಕೈ ಹಾಕುವ ಮುನ್ನ ಕೇಳಿಕೊಳ್ಳಿ: ಈಗ ಯಾರಾದರೂ ಅನ್ನ-ಸಾರು ಬಡಿಸಿದರೆ ತಿನ್ನುತ್ತೇನಾ? ಹೌದು ಎಂದಾದರೆ ಅದು ಹಸಿವು, ಊಟವನ್ನೇ ಮಾಡಿ. ಬೇಡ, ಕೊಡುಬಳೆಯೇ ಬೇಕು ಎಂದಾದರೆ ಬಹುಶಃ ಬೇಜಾರು. ನಿನ್ನೆ ದೂರದ ಓಟ ಓಡಿದ್ದರೆ ಇವತ್ತಿನ ಹಸಿವನ್ನು ಅನುಮಾನಿಸಬೇಡಿ. ಇದು ಪ್ರಯೋಗಾಲಯದಲ್ಲಿ ಸಾಬೀತಾದ ಪರೀಕ್ಷೆಯಲ್ಲ, ಒಂದು ನಿಮಿಷ ನಿಂತು ಯೋಚಿಸಲು ಒಂದು ನೆಪ.

4. ಬೇಜಾರಿಗೆ ಮೊದಲೇ ಒಂದು ಕೆಲಸ ಬರೆದಿಡಿ. ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಎಂದು ಮುಂಚೆಯೇ ನಿರ್ಧರಿಸಿದವರು ಅದನ್ನು ಮಾಡುವ ಸಾಧ್ಯತೆ ಹೆಚ್ಚು ಎಂದು ಮನಃಶಾಸ್ತ್ರದ ಅನೇಕ ಅಧ್ಯಯನಗಳು ಹೇಳಿವೆ. ಉದಾಹರಣೆಗೆ, ನಾಲ್ಕೂವರೆಗೆ ಬಾಯಿ ಸುಮ್ಮನಿರದಿದ್ದರೆ ಚಪ್ಪಲಿ ಮೆಟ್ಟಿ ನಾಲ್ಕು ಕ್ರಾಸ್ ಸುತ್ತಿ ಬರುತ್ತೇನೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ 15 ನಿಮಿಷ ಚುರುಕಾಗಿ ನಡೆದು ಬಂದು ಕೆಲಸಕ್ಕೆ ಕೂತವರು, ನಡೆಯದವರಿಗಿಂತ ಸುಮಾರು ಅರ್ಧದಷ್ಟು ಚಾಕೊಲೇಟ್ ತಿಂದರು. ಮೂರು ನಿಮಿಷ ಟೆಟ್ರಿಸ್ ಆಡಿದರೂ ತಿನ್ನುವ ಬಯಕೆ ತಗ್ಗಿದ್ದನ್ನು 2015ರ ಅಧ್ಯಯನವೊಂದು ತೋರಿಸಿದೆ. ಬಟ್ಟೆ ಮಡಚುವುದು, ಗಿಡಕ್ಕೆ ನೀರು, ಅಮ್ಮನಿಗೆ ಫೋನ್, ಅವರೆಕಾಯಿ ಕಾಲದಲ್ಲಿ ಕಾಳು ಹಿಸುಕುವುದು, ಕೈಗೆ ಕೆಲಸ ಕೊಡುವ ಯಾವುದೂ ಆಗಬಹುದು.

5. ಬೇಜಾರಿಗೆ ರೀಲ್ಸ್ ಮದ್ದಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹಾರುತ್ತಾ ಹೋದವರಿಗೆ, ಒಂದೇ ವಿಡಿಯೊ ಪೂರ್ತಿ ನೋಡಿದವರಿಗಿಂತ ಹೆಚ್ಚು ಬೇಜಾರಾಯಿತು. ಜೊತೆಗೆ, ಪರದೆ ನೋಡುತ್ತಾ ತಿಂದವರು ಆಗಲೂ ಹೆಚ್ಚು ತಿನ್ನುತ್ತಾರೆ, ಮುಂದಿನ ಹೊತ್ತಿನಲ್ಲೂ ಹೆಚ್ಚು ತಿನ್ನುತ್ತಾರೆ ಎಂದು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ಹೇಳುತ್ತದೆ.

6. ಡಬ್ಬಿಯನ್ನು ಅಟ್ಟಕ್ಕೆ ಏರಿಸಿ. ಕೈಗೆಟಕದ ತಿಂಡಿಯನ್ನು ಜನ ಕಡಿಮೆ ತಿನ್ನುತ್ತಾರೆ ಎಂಬುದಕ್ಕೆ ಒಂದಿಷ್ಟು ಪುರಾವೆ ಇದೆ, ತುಂಬಾ ಗಟ್ಟಿಯದೇನಲ್ಲ. ಆದರೆ ಇದಕ್ಕೆ ಖರ್ಚಿಲ್ಲ. ತಿನ್ನಲೇಬೇಕೆನಿಸಿದರೆ ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ. ಮನೆಯವರು ಒಂದೇ ಒಂದು ತಿನ್ನು ಎಂದು ತಂದುಕೊಟ್ಟರೆ ಜಗಳ ಬೇಡ. ನಾಳೆ ಸಂಜೆ ತಿಂಡಿಗೆ ಇದನ್ನೇ ಎತ್ತಿಡಿ ಎನ್ನಿ.

7. ನಿದ್ದೆ ಕಡಿಮೆ ಮಾಡಬೇಡಿ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಧಿಕ ತೂಕವಿದ್ದು ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದವರ ನಿದ್ದೆ ಹೆಚ್ಚಿಸಿದಾಗ, ಅವರು ದಿನಕ್ಕೆ ಸರಾಸರಿ 270 ಕ್ಯಾಲೊರಿ ಕಡಿಮೆ ತಿಂದರು. ಯಾವ ಡಯೆಟ್ಟನ್ನೂ ಅವರಿಗೆ ಹೇಳಿರಲಿಲ್ಲ. ಐದಕ್ಕೆ ಎದ್ದು ಓಡುವವರು ಹನ್ನೆರಡರವರೆಗೆ ಫೋನ್ ನೋಡುತ್ತಿದ್ದರೆ ಸಂಜೆಯ ಹಸಿವಿಗೆ ಒಂದು ಕಾರಣ ಅಲ್ಲೇ ಇದೆ.

ಒಂದು ದಿನ ತಪ್ಪಿದರೆ?

ಒಂದು ದಿನ ಡಬ್ಬಿ ಖಾಲಿಯಾದರೆ ಮಾರನೆಯ ದಿನ ಎಂದಿನಂತೆ ತಿಂಡಿ ತಿನ್ನಿ. ಶಿಕ್ಷೆಯೆಂದು ಊಟ ಬಿಡುವುದರಿಂದಲೇ ಮುಂದಿನ ಸಂಜೆಯ ಬಾಯಾಡಿಸುವಿಕೆ ಶುರುವಾಗುತ್ತದೆ.

ಮಾರನೆಯ ಬೆಳಿಗ್ಗೆ ತೂಕ ಒಂದು ಕೆಜಿ ಏರಿದ್ದು ಕಂಡರೂ ಗಾಬರಿ ಬೇಡ. ಉಪ್ಪಿನ ತಿಂಡಿ ದೇಹದಲ್ಲಿ ನೀರು ಹಿಡಿದಿಡುತ್ತದೆ. ಸ್ನಾಯುಗಳಲ್ಲಿ ಕೂಡಿಡುವ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು ಇರುತ್ತದೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆಜಿ ಕುಸ್ತಿ ಫೈನಲ್ ದಿನ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದದ್ದು ಎಲ್ಲರಿಗೂ ನೆನಪಿದೆ. ಹಿಂದಿನ ದಿನದ ಪಂದ್ಯಗಳ ನಡುವೆ ತೆಗೆದುಕೊಂಡ ಆಹಾರ ಮತ್ತು ನೀರಿನಿಂದ ಅವರ ತೂಕ ಎರಡು ಕೆಜಿಗೂ ಹೆಚ್ಚು ಏರಿತ್ತು. ಅದು ಕೊಬ್ಬಾಗಿರಲಿಲ್ಲ. ನಮ್ಮ ದೇಹದಲ್ಲೂ ತೂಕ ಹೀಗೇ ಏರಿಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ.

ವೈದ್ಯರನ್ನು ಯಾವಾಗ ಕಾಣಬೇಕು?

ಮುಟ್ಟು ಮೂರು ತಿಂಗಳು ನಿಂತಿದ್ದರೆ, ಪದೇ ಪದೇ ಮೂಳೆ ನೋವು ಬರುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಓಟದ ವೇಗ ವಾರಗಟ್ಟಲೆ ಕುಸಿಯುತ್ತಿದ್ದರೆ ಕಾಯಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. 18 ವರ್ಷದೊಳಗಿನ ಆಟಗಾರರ ತೂಕ ಇಳಿಸುವ ತೀರ್ಮಾನವನ್ನು ಕೋಚ್ ಒಬ್ಬರೇ ತೆಗೆದುಕೊಳ್ಳಬಾರದು, ವೈದ್ಯರೂ ಇರಬೇಕು.

ಕದ್ದು ತಿನ್ನುವುದು, ನಿಲ್ಲಿಸಲಾಗದೆ ತಿನ್ನುವುದು, ತಿಂದ ಮೇಲೆ ಬೇಕೆಂದೇ ವಾಂತಿ ಮಾಡುವುದು ಅಥವಾ ಶಿಕ್ಷೆಯಂತೆ ವ್ಯಾಯಾಮ ಮಾಡುವುದು ಇದ್ದರೆ ಅದು ಬಾಯಿ ಚಪಲವಲ್ಲ, ಚಿಕಿತ್ಸೆಯಿರುವ ತೊಂದರೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು

ವ್ಯಾಯಾಮ ಮಾಡುತ್ತಾ ತೂಕ ಇಳಿಸುವವರು ಹಸಿವನ್ನು ನೀರಿನಿಂದ ಮುಚ್ಚಬೇಡಿ. ಮೂರು ಹೊತ್ತು ಸರಿಯಾಗಿ ಉಣ್ಣಿ. ಸಂಜೆ ತಿಂಡಿಗೆ ಹೊತ್ತು ಮತ್ತು ತಟ್ಟೆ ಎರಡೂ ಇರಲಿ. ಅನ್ನ-ಸಾರು ಬೇಡ, ಕುರುಕಲೇ ಬೇಕು ಅನ್ನಿಸಿದರೆ 15 ನಿಮಿಷ ನಡೆದು ಬನ್ನಿ. ಬಂದ ಮೇಲೂ ಬೇಕೆನಿಸಿದರೆ ಒಂದು ಹಿಡಿ ಬಟ್ಟಲಿಗೆ ಹಾಕಿಕೊಂಡು, ಕೂತು, ರುಚಿ ನೋಡುತ್ತಾ ತಿನ್ನಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು.